ಕಾಯುವ ಐದು ನಿಮಿಷ

ಹನ್ನೊಂದು ಗಂಟೆಗೇ ಅಂಗಳದ ಫರಸಿಕಲ್ಲು ಕಾಲಿಡಲಾಗದಷ್ಟು ಕಾದಿತ್ತು. ಬಸ್ಸಮ್ಮ ನಸುಕಿನಲ್ಲೇ ಎದ್ದು, ಗೇಟಿನಿಂದ ಕಟ್ಟೆಯವರೆಗೆ ಹಳೆಯ ಧೋತರ ಹಾಸಿ ಇಟ್ಟಿದ್ದ ಜೋಳದ ಸಂಡಿಗೆ ಆಗಲೇ ಅಂಚು ಬಿಡತೊಡಗಿತ್ತು. ಕಟ್ಟೆಯ ನೆರಳಿನಲ್ಲಿ ಕುಳಿತು ಅವಳು ಕಾಗೆ ಓಡಿಸುತ್ತಿದ್ದಳು. ಒಳಗೆ ಪಡಸಾಲೆಯಲ್ಲಿ ಸೊಸೆ ಶಿವರಂಜನಿಯ ಹೊಲಿಗೆ ಯಂತ್ರ ಒಂದೇ ಸಮನೆ ಓಡುತ್ತಿತ್ತು. ಹಿಂದಿನ ಓಣಿಯ ಮೌನಮ್ಮನ ಮಗಳ ಮದುವೆಗೆ ಇನ್ನು ಹನ್ನೆರಡೇ ದಿನ. ಹನ್ನೊಂದು ಬ್ಲೌಸಿನಲ್ಲಿ ನಾಲ್ಕು ಮುಗಿದಿದ್ದವು. ಮೌನಮ್ಮ ದಿನಕ್ಕೆರಡು ಸಲ ಫೋನ್ ಮಾಡಿ, "ಎಲ್ಲಿಗಿ ಬಂತು ರಂಜನಿ?" ಎಂದು ಕೇಳುತ್ತಿದ್ದಳು.

"ರಂಜನಿ, ಬೆಲ್ಲ ತೀರ್ಯಾದ. ಮಸರೂ ಇಲ್ಲ," ಎಂದಳು ಬಸ್ಸಮ್ಮ ಕೂತಲ್ಲಿಂದಲೇ. "ಚನ್ನಯ್ಯನ ಅಂಗಡಿಗಿ ಹೋಗಿ ಬರ್ಲೇನು?"

"ಈ ಬಿಸಲಾಗ ಎಲ್ಲಿಗಿ ಹೋಗ್ತೀರಿ ಅತ್ತಿ? ದಾರ್ಯಾಗ ಚಕ್ಕರ್ ಬಂದು ಬಿದ್ರ ನಿಮ್ಮ ಮಗ ನನ್ನ ಮ್ಯಾಲ ಬರ್ತಾರ. ದೌಡ್‌ದಾಗ ಹಾಕ್ತೀನಿ ತಡೀರಿ."

ದೌಡ್ ಊರಿಗೆ ಬಂದು ಒಂದು ವರ್ಷವಾಗಿತ್ತು. ಬಸ್ ನಿಲ್ದಾಣದ ಹಿಂದೆ ಅದರ ಗೋದಾಮು. ಫೋನಿನಲ್ಲಿ ಒತ್ತಿದರೆ ಬೇಳೆ, ಬೆಲ್ಲ, ಮೊಸರು, ಸಾಬೂನು ಮನೆ ಬಾಗಿಲಿಗೆ ಬರುತ್ತಿದ್ದವು. 'ಹದಿನೈದು ನಿಮಿಷ, ಹದಿನಾರನೆಯದು ಇಲ್ಲ' ಎಂದು ಊರ ಗೋಡೆಗಳ ಮೇಲೆಲ್ಲ ಬರೆಸಿದ್ದರು. ತಿಂಗಳಿಗೆ ಇಪ್ಪತ್ತು ಸಲ ತರಿಸಿ, ಪ್ರತಿ ಸಲವೂ ಚುಕ್ಕಿ ಒತ್ತಿ ಅಭಿಪ್ರಾಯ ತಿಳಿಸುವ ಗ್ರಾಹಕರ ಹೆಸರಿನ ಸುತ್ತ ಬಂಗಾರದ ಬಣ್ಣದ ಉಂಗುರ ಮೂಡುತ್ತಿತ್ತು. ಶಿವರಂಜನಿಗೆ ಅದು ಹೋದ ತಿಂಗಳೇ ಸಿಕ್ಕಿತ್ತು. ಸುರಪುರದ ಗೊಬ್ಬರದ ಅಂಗಡಿಯಲ್ಲಿ ಕೆಲಸ ಮಾಡುವ ಗಂಡ ವಿಶ್ವರಾಧ್ಯನಿಗೆ ತೋರಿಸಿದರೆ, "ಬೆರಳಿಗಿ ಹಾಕ್ಕೊಳ್ಳಾಕ ಬರ್ತದೇನು ನೋಡು," ಎಂದು ನಕ್ಕಿದ್ದ. ಅವನು ನಕ್ಕರೂ ಅವಳಿಗೆ ಅದರ ಮೇಲೆ ಒಂದು ಬಗೆಯ ಮೋಹ. ಊರಲ್ಲಿ ಯಾರೂ ಅವಳನ್ನು ಕಾಯಿಸಿ ನಿಲ್ಲಿಸದ ಜಾಗ ಅದೊಂದೇ.

ಅವಳು ಒತ್ತಿದಳು. ಫೋನಿನ ನಕಾಶೆಯ ಮೇಲೆ ನೀಲಿ ಚುಕ್ಕಿಯೊಂದು ಹೊರಟಿತು. ಕಾಲು ಯಂತ್ರದ ಮೆಟ್ಟಿನ ಮೇಲೆ ನಿಂತೇಬಿಟ್ಟಿತು. ಎಂಟು ನಿಮಿಷ. ಚುಕ್ಕಿ ಅಂಚೆ ಕಚೇರಿಯ ಹತ್ತಿರ ತಡೆಯಿತು. ಹತ್ತು. "ಏನ್ ಮಾಡಾಕತ್ತಾನ ಇವ?" ಎಂದು ಗೊಣಗಿದಳು. ಹದಿಮೂರನೆಯ ನಿಮಿಷಕ್ಕೆ ಬೈಕಿನ ಸದ್ದಾಯಿತು.

ಬಂದವನು ಗಯಾಸ. ನಲವತ್ತೈದರ ಆಸುಪಾಸಿನ ಆಳು. ಮೊದಲು ಗೋಗಿ ಊರಿನ ದಾರಿಯಲ್ಲಿ ಆಟೋ ಓಡಿಸುತ್ತಿದ್ದವನು ದೌಡ್ ಬಂದಾಗಿನಿಂದ ಅದರ ಕೇಸರಿ ಅಂಗಿ ತೊಟ್ಟಿದ್ದ. ಈ ಓಣಿಗೆ ಹೆಚ್ಚಾಗಿ ಅವನೇ ಬರುತ್ತಿದ್ದ. ಅಂದೂ ಬೈಕನ್ನು ಗೇಟಿನ ಆಚೆಗೇ ನಿಲ್ಲಿಸಿ, ಹಾಸಿದ ಧೋತರವನ್ನು ತುಳಿಯದೆ ಗೋಡೆಯಂಚಿನಲ್ಲಿ ಸುತ್ತು ಹಾಕಿ ಬಂದ. ಚೀಲವನ್ನು ಕಟ್ಟೆಯ ನೆರಳಿನಲ್ಲಿಟ್ಟ. ಶಿವರಂಜನಿ ಫೋನಿನಲ್ಲಿ ಬಂದಿದ್ದ ನಾಲ್ಕಂಕಿಯ ಕೋಡು ಹೇಳಿದಳು. ಅವನು ಅದನ್ನು ತನ್ನ ಫೋನಿಗೆ ಒತ್ತಿದ.

ಅಷ್ಟರಲ್ಲಿ ಬಸ್ಸಮ್ಮ ಒಳಗೆ ಹೋಗಿ ಒಂದು ಚರಿಗೆ ನೀರು, ತಟ್ಟೆಯಲ್ಲಿ ಒಂದು ತುಣುಕು ಬೆಲ್ಲ ಹಿಡಿದು ಬಂದಿದ್ದಳು. ಡಬ್ಬಿಯ ತಳದಲ್ಲಿ ಅದೊಂದೇ ತುಣುಕು ಉಳಿದಿತ್ತು.

"ಬಿಸಲಾಗ ಬಂದೀಯಪಾ. ನೀರು ಕುಡದು ಹೋಗು."

"ಬ್ಯಾಡ್ರಿ ಅಮ್ಮಾ."

"ಒಂದ್ ಗುಟುಕು..."

"ಬ್ಯಾಡ್ರಿ, ಬ್ಯಾಡ್ರಿ." ಮುಖ ಎತ್ತಿ ನೋಡದೆಯೇ ಅವನು ಗೋಡೆಯಂಚಿನಲ್ಲಿ ಹೊರಟುಬಿಟ್ಟ. ಬೈಕು ತಿರುಗಿದ ಧೂಳು ಗೇಟಿನ ಮೇಲೆ ಕೂತಿತು. ಬಸ್ಸಮ್ಮ ಚರಿಗೆ ಹಿಡಿದು ನಿಂತೇ ಇದ್ದಳು.

ಇದು ಮೂರನೆಯ ಸಲ.

ಬಸ್ಸಮ್ಮನ ಪಾಲಿಗೆ ನೀರು ಬೇಡ ಎನ್ನುವುದು ಸಣ್ಣ ಮಾತಲ್ಲ. ಹೊಲದ ಗಡಿಯ ಬಾಂದಿನ ಜಗಳದಲ್ಲಿ ಅವಳ ಭಾವನ ಮನೆಯವರು ಇಪ್ಪತ್ತೆರಡು ವರ್ಷ ಇವರ ಮನೆಯ ನೀರು ಮುಟ್ಟಿರಲಿಲ್ಲ. ಭಾವ ಸತ್ತ ದಿನ ಆ ಮನೆಯಲ್ಲಿ ಇವಳ ಕೈಯಿಂದ ಒಬ್ಬರೂ ನೀರು ಇಸಿದುಕೊಳ್ಳಲಿಲ್ಲ. ಹೊಸ್ತಿಲಿಗೆ ಬಂದವರು ಚರಿಗೆ ಮುಟ್ಟದೆ ಹೋದರೆ ಆ ದಿನದ ಉಸಿರುಗಟ್ಟುವಿಕೆ ಅವಳಿಗೆ ಹಾಗೇ ತಿರುಗಿ ಬರುತ್ತಿತ್ತು.

"ರೋಜಾದ ಉಪಾಸ ಇರಬೇಕ್ ಬಿಡ್ರಿ," ಎಂದಳು ಸೊಸೆ.

"ರೋಜಾ ಮುಗದು ಎರಡು ತಿಂಗಳಾತು. ನನಗ ತಿಳಿಯಂಗಿಲ್ಲೇನು? ನಮ್ಮ ಮನಿ ನೀರು ಅವಗ ಒಲ್ಲದಾಗ್ಯಾದ. ಮೊಹರಂದಾಗ ಅಲಾಯಿ ದೇವರ ಮುಂದ ನಾವು ಸಕ್ಕರಿ ಓದಸಂಗಿಲ್ಲೇನು? ಅದನ್ನ ಅವರು ತಿನ್ನಂಗಿಲ್ಲೇನು? ಎಂಥಾ ಸೊಕ್ಕವ್ವಾ!" ಅವಳ ಧ್ವನಿ ಅರ್ಧಕ್ಕೇ ಒಡೆಯಿತು. ಬೆಲ್ಲದ ತುಣುಕನ್ನು ತಟ್ಟೆಸಮೇತ ಕಟ್ಟೆಯ ಮೇಲಿಟ್ಟು ಒಳಗೆ ಹೋದಳು.

ಶಿವರಂಜನಿ ಚೀಲ ಬಿಚ್ಚಿದರೆ ಮೊಸರಿನ ಪಾಕೀಟಿನ ಮೂಲೆ ಸೋರಿ ಬೆಲ್ಲದ ಕಾಗದ ತೊಯ್ದಿತ್ತು. ಸಿಟ್ಟು ಬಂತು. ಮೊಸರಿಗಾಗಿ ಬಂತೋ, ಅತ್ತೆಗಾಗಿ ಬಂತೋ, ಮೌನಮ್ಮನ ಫೋನಿಗಾಗಿ ಬಂತೋ, ಆ ಹೊತ್ತಿನಲ್ಲಿ ಬಿಡಿಸಿ ನೋಡುವ ವ್ಯವಧಾನ ಅವಳಿಗಿರಲಿಲ್ಲ. ಫೋನು ಕೇಳುತ್ತಿತ್ತು: 'ಸೇವೆ ಹೇಗಿತ್ತು?' ಐದು ಚುಕ್ಕಿಗಳಲ್ಲಿ ಮೊದಲನೆಯದನ್ನು ಮಾತ್ರ ಒತ್ತಿದಳು. 'ಕಾರಣ?' ಎಂದಿತು. ಮೂರು ಕಾರಣಗಳಿದ್ದವು. 'ತಡವಾಯಿತು.' 'ಸಾಮಾನು ಹಾಳಾಗಿದೆ.' 'ನಡತೆ ಸರಿಯಿಲ್ಲ.' ಬೆರಳು ಎರಡನೆಯದರ ಮೇಲೆ ಒಂದು ಗಳಿಗೆ ನಿಂತಿತು. ಒಳಗೆ ಅತ್ತೆ ಮೂಗು ಏರಿಸಿಕೊಳ್ಳುವ ಸದ್ದಾಯಿತು. ಅವಳು ಮೂರನೆಯದನ್ನು ಒತ್ತಿದಳು.

'ಧನ್ಯವಾದ. ನಿಮ್ಮ ತೃಪ್ತಿಯೇ ನಮ್ಮ ಗುರಿ,' ಎಂದು ಬಂತು. ಹೆಸರಿನ ಸುತ್ತಲ ಉಂಗುರ ಒಮ್ಮೆ ಮಿನುಗಿತು. ಅವಳು ಫೋನನ್ನು ಬಟ್ಟೆಯ ಕೆಳಗೆ ಸರಿಸಿ ಮತ್ತೆ ಯಂತ್ರ ಮೆಟ್ಟಿದಳು.

ಮರುದಿನದಿಂದ ಗಯಾಸ ಬರಲಿಲ್ಲ. ಬೇರೆ ಬೇರೆಯವರು ಬಂದರು. ಒಬ್ಬ ಚೀಲವನ್ನು ಗೇಟಿನ ಚೂಪು ಸರಳಿಗೆ ಸಿಕ್ಕಿಸಿ, ಅಲ್ಲಿಂದಲೇ ಕೂಗಿ ಕೋಡು ಕೇಳಿದ. ಇನ್ನೊಬ್ಬ ಕೋಡು ಒತ್ತುವಾಗಲೂ ಬೈಕು ಆರಿಸಲಿಲ್ಲ. ಎಲ್ಲರೂ ಹದಿನೈದು ನಿಮಿಷದ ಒಳಗೇ ಬಂದರು. ಶಿವರಂಜನಿ ಎಲ್ಲರಿಗೂ ಐದು ಚುಕ್ಕಿ ಕೊಟ್ಟಳು. ನಾಲ್ಕನೆಯ ದಿನ ಬಂದವನು ತೆರೆದಿದ್ದ ಗೇಟಿನಿಂದ ಬೈಕನ್ನು ಒಳಗೇ ನುಗ್ಗಿಸಿದ. ಧೋತರದ ಮೇಲೆ ಗಾಲಿ ಹಾಯ್ದು, ಒಣಗಿದ ಸಂಡಿಗೆ ಕರಕರ ಪುಡಿಯಾಯಿತು. "ಏ... ಏ..." ಎಂದು ಬಸ್ಸಮ್ಮ ಎದ್ದು ನಿಲ್ಲುವಷ್ಟರಲ್ಲಿ ಅವನು ಚೀಲವಿಟ್ಟು ಹೋಗಿಯೂ ಆಗಿತ್ತು.

ಬಸ್ಸಮ್ಮ ಬೈಯಲಿಲ್ಲ. ಬಗ್ಗಿ, ಗಾಲಿಯ ಗುರುತಿನಲ್ಲಿದ್ದ ಪುಡಿಯನ್ನು ಮೊರಕ್ಕೆ ಗೋರಿದಳು.

"ಆ ಸೊಕ್ಕಿನಂವ ಸುತ್ತು ಹಾಕಿ ಬರತಿದ್ದ," ಎಂದಳು, ತನಗೇ ಹೇಳಿಕೊಂಡಂತೆ. "ಒಂದಿನ ಗಾಳಿಗಿ ಧೋತ್ರ ಹಾರಿ ಮಡಚಿತ್ತು. ಕಲ್ಲು ಹುಡುಕಿ ತಂದು ನಾಕೂ ಮೂಲಿಗಿ ಇಟ್ಟು ಹೋದ. ನಾ ನೋಡಾಕತ್ತೀನಿ ಅಂತ ಅವಗ ಗೊತ್ತಿದ್ದಿಲ್ಲ."

ಶಿವರಂಜನಿ ಅಂಗಳ ನೋಡಿದಳು. ನಾಲ್ಕು ಮೂಲೆಗೂ ಒಂದೊಂದು ಕಲ್ಲು ಇನ್ನೂ ಹಾಗೇ ಇತ್ತು.

ಆರನೆಯ ದಿನ ಮಧ್ಯಾಹ್ನ ಗೇಟಿನ ಚಿಲಕ ಸದ್ದಾಯಿತು. ಅಂದು ಅವಳು ಏನೂ ತರಿಸಿರಲಿಲ್ಲ. ಇಣುಕಿ ನೋಡಿದಳು. ಗಯಾಸ ನಿಂತಿದ್ದ. ಮೈಮೇಲೆ ಕೇಸರಿ ಅಂಗಿ ಇರಲಿಲ್ಲ. ಬೈಕೂ ಕಾಣಲಿಲ್ಲ. ಗಡ್ಡ ಬೆಳೆದಿತ್ತು. ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ದೂರು ಒತ್ತಿದವಳು ತಾನೆಂದು ಇವನಿಗೆ ತಿಳಿದಿದೆ. ಮನೆ ಗೊತ್ತು, ಗಂಡಸರಿಲ್ಲದ ಹೊತ್ತೂ ಗೊತ್ತು. ಕತ್ತರಿ ಹಿಡಿದ ಕೈಯನ್ನು ಸೆರಗಿನ ಹಿಂದೆ ಮರೆಮಾಡಿ ಕಟ್ಟೆಗೆ ಬಂದಳು. ಗೇಟಿನ ಹತ್ತಿರ ಹೋಗಲಿಲ್ಲ.

"ಏನ್ ಬೇಕಾಗಿತ್ತು?"

"ಅಕ್ಕಾರ, ಒಂದ್ ಮಾತು ಕೇಳಿ ಹೋಗ್ತೀನಿ. ಒಳಗ ಬರಂಗಿಲ್ಲ." ಅವನು ಚಿಲಕದಿಂದ ಕೈ ತೆಗೆದು ಎರಡು ಹೆಜ್ಜೆ ಹಿಂದೆ ಸರಿದ. "ಹೋದ ಸೋಮವಾರ ಮುಂಜಾನಿ ನಾ ಒಂಬತ್ತು ಮನಿಗಿ ಸಾಮಾನು ಕೊಟ್ಟೀನಿ. ಮಧ್ಯಾಹ್ನ ಆಗೂದ್ರಾಗ ನನ್ನ ಐಡಿ ಬಂದ್ ಮಾಡ್ಯಾರ. ಯಾಕ್ ಅಂದ್ರ, ಯಾರೋ ಹೆಣ್ಣುಮಗಳು ನಡತಿ ಸರಿ ಇಲ್ಲ ಅಂತ ಬರದಾಳಂತ. ಯಾರು, ಏನು, ಹೇಳವಲ್ರು. ಅದಕ್ಕ ಒಂಬತ್ತೂ ಮನಿ ನೆನಪು ಮಾಡ್ಕೊಂಡು ಕೇಳ್ಕೋತ ಬರಾಕತ್ತೀನ್ರಿ. ಇದು ಏಳನೇದು." ಅವನು ಕೈ ಜೋಡಿಸಿದ. "ನನ್ನಿಂದ ನಿಮಗೇನರ ಬೇಅದಬಿ, ಅಗೌರವ ಆಗ್ಯಾದೇನ್ರಿ? ಆಗಿದ್ರ ಹೇಳ್ರಿ, ಇಲ್ಲೇ ಕಾಲು ಹಿಡೀತೀನಿ. ಮೊಹಲ್ಲಾದಾಗ ಮಂದಿ, ಹೆಂಗಸಿಗಿ ಏನ್ ಮಾಡಿದಿ ಗಯಾಸಾ ಅಂತಾರ. ಮಂದಿ ಅನಲಿ. ನಿನ್ನೆ ನನ್ನ ಮಗಳು ಕೇಳಿದಳು. ಪಿಯುಸಿ ಓದಾಕತ್ತಾಳ. 'ಅಬ್ಬಾ, ನೀ ಏನ್ ಮಾಡಿದಿ?' ಅಂದಳು."

ನಡತೆ ಸರಿಯಿಲ್ಲ ಎಂಬ ಎರಡು ಪದ ಶಿವರಂಜನಿಯ ಬೆರಳಿನಿಂದ ಇಳಿದು ಎಲ್ಲೆಲ್ಲಿ ಹೋಗಿ ಏನೇನಾಗಿ ಬೆಳೆದಿತ್ತು! ಅವಳು ಅಂದುಕೊಂಡದ್ದು ಒಂದು, ಊರು ಓದಿದ್ದು ಇನ್ನೊಂದು.

"ಇಲ್ಲ," ಎಂದಳು. "ನಾವಲ್ಲ."

ಅಂದಾದ ಮೇಲೆ ತಾನು ಅಂದದ್ದು ಅವಳಿಗೆ ಕೇಳಿಸಿತು.

"ಗೊತ್ತಿತ್ರಿ," ಎಂದ ಅವನು. ಮುಖದಲ್ಲಿ ಒಂದು ಸಣ್ಣ ನಿರಾಳ. "ನಿಮ್ಮ ಮನಿ ಅಲ್ಲ ಅಂತ ಗೊತ್ತೇ ಇತ್ತು. ಆದ್ರೂ ಕೇಳ್ಬೇಕಲ್ಲ, ಕೇಳಿದೆ. ಅಮ್ಮಾರು ಅದಾರೇನ್ರಿ? ಒಂದಿಷ್ಟು ನೀರು ಕೊಡ್ಸ್ತೀರೇನು?"

ಬಸ್ಸಮ್ಮ ಬಾಗಿಲಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಒಳಗೆ ಹೋಗಿ ಚರಿಗೆ ನೀರು, ಬೆಲ್ಲದ ತುಣುಕು ತಂದು, ತಾನೇ ಗೇಟು ತೆಗೆದು ಕೊಟ್ಟಳು. ಅವನು ತಲೆ ಹಿಂದಕ್ಕೆ ಚೆಲ್ಲಿ, ಗಟಗಟನೆ ಚರಿಗೆ ಬರಿದು ಮಾಡಿದ. "ಇನ್ನೊಂದಿಷ್ಟು," ಎಂದ. ಎರಡನೆಯದನ್ನೂ ಕುಡಿದ. ಬೆಲ್ಲದ ತುಣುಕನ್ನು ದವಡೆಗಿಟ್ಟುಕೊಂಡ.

"ಅವತ್ತ್ಯಾಕ ಒಲ್ಲೆ ಅಂದೆಪಾ?" ಬಸ್ಸಮ್ಮ ಕೇಳಿದಳು. "ಮೂರು ಸಲ ಅಂದಿ."

"ಒಲ್ಲೆ ಅಂತ ಅಲ್ರಿ ಅಮ್ಮಾ. ನಿಮ್ಮ ಚರಗಿ ನೋಡಿದ್ರ ಜೀವ ಅಲ್ಲೇ ನಿಲ್ತಿತ್ತು. ಅದಕ್ಕೇ ನೋಡ್ತಿದ್ದಿಲ್ಲ." ಅವನು ಬರಿದಾದ ಚರಿಗೆಯನ್ನು ಎರಡೂ ಕೈಯಲ್ಲಿ ತಿರುಗಿ ಕೊಟ್ಟ. "ನಿಮ್ಮ ಕೋಡ್ ಹಾಕಿದ ಕೂಡಲೇ ಮುಂದಿನ ಆರ್ಡರ್ ಬೀಳ್ತದ್ರಿ. ಅದರ ಗಡಿಯಾರ ನಿಮ್ಮ ಅಂಗಳದಾಗೇ ಶುರು. ನೀರು ಕುಡ್ಯಾಕ ನಿಂತ್ರ ಎರಡು ನಿಮಿಷ. ಮೂರು ಸಲ ತಡ ಆದ್ರ ಆ ದಿನ ಕೆಲಸ ಇಲ್ಲ. ಈಗ ಗಡಿಯಾರ ಇಲ್ಲ ನೋಡ್ರಿ, ಎಷ್ಟರ ಕುಡೀತೀನಿ." ನಗಲು ಯತ್ನಿಸಿದ. "ಬರ್ತೀನ್ರಿ. ಇನ್ನ ಎರಡು ಮನಿ ಉಳದಾವ. ಹಿಂದಿನ ಓಣ್ಯಾಗ ಮಾನಪ್ಪ ಗುತ್ತೇದಾರರದ್ದು, ಆಮ್ಯಾಲ ನೀರಿನ ಟಾಕಿ ಹತ್ರದ್ದು."

"ಮಾನಪ್ಪನ ಮನಿಗಿ? ಹುಷಾರಪಾ. ಆ ಮೌನಮ್ಮನ ಗಂಡ ಬಾಳ ಸಿಟ್ಟಿನಂವ."

"ತಪ್ಪು ಮಾಡಿದಂವ ಅಂಜಬೇಕ್ರಿ," ಎಂದು ಅವನು ನಡೆದ.

ಶಿವರಂಜನಿ ಕಟ್ಟೆಯ ಕಂಬಕ್ಕೆ ಆತು ನಿಂತಿದ್ದಳು. ಬಸ್ಸಮ್ಮ ಚರಿಗೆಯ ಒಳಗೆ ನೋಡುತ್ತ, "ಎರಡು ಚರಗಿ ಕುಡದ," ಎಂದಳು. ಆಮೇಲೆ ತಲೆ ಎತ್ತಿ ಸೊಸೆಯ ಮುಖ ನೋಡಿದಳು.

"ರಂಜನಿ. ನೀನೇನು?"

"ಅತ್ತಿ, ನೀವು ಅಳಾಕತ್ತಿದ್ರಿ... ಅದರಾಗ ಮೂರೇ ಕಾರಣ ಇದ್ದವು..."

"ನಾ ಅತ್ತಿದ್ದು ನನ್ನ ಸಂಕಟಕ್ಕ. ಅದನ್ನ ಅವನ ಮಾರಿಗಿ ಯಾಕ ಮೆತ್ತಿದಿ ತಂಗಿ?" ಬಸ್ಸಮ್ಮ ದನಿ ಏರಿಸಲಿಲ್ಲ. "ಸೊಕ್ಕು ಅಂತ ಅಂದಾಕಿ ನಾನೇ. ನನ್ನದೂ ಪಾಲು ಅದ. ಹೋಗು ಮೊದಲು. ಮಾನಪ್ಪನ ಬಾಗಲಾ ಮುಟ್ಟೂದ್ರಾಗ ಹೋಗು."

ಶಿವರಂಜನಿ ಚಪ್ಪಲಿಗಾಗಿ ತಡಕಾಡಿದಳು, ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಸಿಕ್ಕಿದ್ದನ್ನೂ ಬಿಟ್ಟು ಹೊರಟಳು. ಡಾಂಬರು ಅಂಗಾಲನ್ನು ಕಚ್ಚುತ್ತಿತ್ತು. ಓಣಿಯ ತಿರುವಿಗೆ ಬರುವಾಗಲೇ ಕೂಗು ಕೇಳಿಸಿತು.

"ನಮ್ಮ ಮನಿ ಹೆಣ್ಣುಮಗಳ ಮುಂದ ನಿಂತು ನಡತಿ ಸುದ್ದಿ ಕೇಳ್ತಿಯೇನಲೇ? ಮದುವಿ ಮನಿ ಇದು! ಏನ್ ಮಾಡಿದಿ ನೀ? ಖರೇ ಹೇಳು, ಏನ್ ಮಾಡಿದಿ?"

ಮಾನಪ್ಪ ಗಯಾಸನ ಅಂಗಿಯ ಎದೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಚಪ್ಪರ ಹಾಕಲು ಬಂದಿದ್ದ ನಾಲ್ಕೈದು ಆಳುಗಳು ಬಿದಿರು ಕೆಳಗಿಟ್ಟು ಸುತ್ತ ಸೇರಿದ್ದರು. ಬಾಗಿಲಲ್ಲಿ ಮೌನಮ್ಮ, ಅವಳ ಹಿಂದೆ ಅರಿಶಿನ ಮೈಯ ಮದುವಣಗಿತ್ತಿ. ಗಯಾಸ ಕೈ ಎತ್ತಿರಲಿಲ್ಲ. "ಏನೂ ಮಾಡಿಲ್ರಿ ಸಾವಕಾರ, ಅದನ್ನೇ ಕೇಳಾಕ ಬಂದೀನಿ," ಎನ್ನುತ್ತಿದ್ದ. ಆಳುಗಳಲ್ಲೊಬ್ಬ, "ಹಿಂಗ ಕೇಳಿದ್ರ ಹೇಳಂಗಿಲ್ರಿ ಇವ," ಎಂದು ಮುಂದೆ ಬಂದ.

"ಬಿಡ್ರಿ ಅವರ್ನ!"

ಎಲ್ಲರೂ ತಿರುಗಿದರು. ಬರಿಗಾಲಲ್ಲಿ, ಕೊರಳಿಗೆ ಅಳತೆ ಪಟ್ಟಿ ಹಾಕಿಕೊಂಡೇ ಶಿವರಂಜನಿ ನಿಂತಿದ್ದಳು. ಮೌನಮ್ಮನ ಮುಖ ಕಂಡಿತು. ಅವಳಿಗೆ ಕೊಡಬೇಕಾದ ಏಳು ಬ್ಲೌಸು ಇನ್ನೂ ಮನೆಯಲ್ಲಿದ್ದವು. ಈ ಬೇಸಿಗೆಯ ದೊಡ್ಡ ಕೆಲಸ.

"ಕಂಪ್ಲೇಂಟ್ ಕೊಟ್ಟಾಕಿ ನಾನು," ಎಂದಳು. "ಇವರು ಏನೂ ಮಾಡಿಲ್ಲ. ನನ್ನ ಮಾರಿ ಸೈತ ಎತ್ತಿ ನೋಡಿಲ್ಲ. ನಮ್ಮತ್ತಿ ನೀರು ಕೊಟ್ರ ಕುಡೀಲಿಲ್ಲ, ಅದಕ್ಕ ಸಿಟ್ಟು ಬಂತು. ಫೋನಿನ್ಯಾಗ ಒತ್ತಿಬಿಟ್ಟೆ. ಅಷ್ಟೇ ಆಗಿದ್ದು. ಈಗ ಸ್ವಲ್ಪ ಹೊತ್ತಿನ ಮುಂದ ಬಂದು ಕೇಳಿದ್ರು. ನಾವಲ್ಲ ಅಂತ ಸುಳ್ಳು ಹೇಳಿದೆ."

ಮಾನಪ್ಪನ ಮುಷ್ಟಿ ಸಡಿಲವಾಯಿತು. ಅವನು ಅವಳನ್ನೂ ಗಯಾಸನನ್ನೂ ಒಮ್ಮೆ ನೋಡಿದ.

"ನೀರು ಕುಡೀಲಿಲ್ಲ ಅಂತ ಒಬ್ಬನ ಅನ್ನ ಕಸಗೊಂಡ್ಯೇನವ್ವಾ?" ಎಂದ. "ನಾನೇ ಸಿಟ್ಟಿನಂವ ಅಂತ ಊರೆಲ್ಲ ಹೇಳ್ತಾರ. ನಾ ಹೊಡದ್ರ ಒಂದು ಏಟು, ಮುಗೀತು."

ಆಳುಗಳಲ್ಲಿ ಯಾರೋ ಕಿಸಕ್ಕನೆ ನಕ್ಕು ಸುಮ್ಮನಾದರು. ಅವಳು ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ಅಳು ಬರುತ್ತಿತ್ತು.

ಗಯಾಸ ಅಂಗಿಯ ಹರಿದ ಗುಂಡಿಯ ಜಾಗವನ್ನು ಕೈಯಿಂದ ಮುಚ್ಚಿಕೊಂಡ. ಅವನ ಕಣ್ಣಲ್ಲಿ ಸಿಟ್ಟಿತ್ತು, ಅವಳು ಮೊದಲ ಸಲ ನೋಡಿದ ಸಿಟ್ಟು. ಬೈಯುತ್ತಾನೆ ಎಂದು ಕಾದಳು. ಬೈದಿದ್ದರೆ ಹಗುರವಾಗುತ್ತಿತ್ತು. ಅವನು ಕಿಸೆಯಿಂದ ಫೋನು ತೆಗೆದು ಯಾವುದೋ ಅಂಕಿ ಒತ್ತಿ, ಅವಳತ್ತ ಚಾಚಿದ.

"ಇದನ್ನ ನನ್ನ ಮಗಳಿಗಿ ಹೇಳ್ರಿ."

ಫೋನಿನಲ್ಲಿ ಎಳೆಯ ದನಿ, "ಅಬ್ಬಾ?" ಎಂದಿತು. ಶಿವರಂಜನಿ ಕಣ್ಣು ಮುಚ್ಚಿಕೊಂಡಳು. "ಅಬ್ಬಾ ಅಲ್ಲವ್ವಾ, ನಾನು..." ಎಂದು ಶುರು ಮಾಡಿ, ಈಗಷ್ಟೇ ಹೇಳಿದ್ದನ್ನು ಮತ್ತೊಮ್ಮೆ ಮೊದಲಿನಿಂದ ಹೇಳಿದಳು. ಮಾನಪ್ಪನ ಮುಂದೆ ಹೇಳುವುದಕ್ಕಿಂತ ಇದು ಕಷ್ಟವಾಗಿತ್ತು. ಆಚೆಯಿಂದ, "ನಮ್ಮ ಅಬ್ಬಾಗ ಫೋನ್ ಕೊಡ್ರಿ," ಎಂದಷ್ಟೇ ಬಂತು. ಗಯಾಸ ಫೋನು ಕಿವಿಗಿಟ್ಟುಕೊಂಡು ಗೋಡೆಯತ್ತ ತಿರುಗಿ ನಿಂತ. ಅವನ ಬೆನ್ನು ಮಾತ್ರ ಕಾಣುತ್ತಿತ್ತು.

ಮರುದಿನ ಬೆಳಗ್ಗೆ ಅತ್ತೆ ಸೊಸೆ ಇಬ್ಬರೂ ದೌಡ್ ಗೋದಾಮಿಗೆ ಹೋದರು. ತಗಡಿನ ಶೆಡ್ಡು, ಒಳಗೆ ಕಪಾಟುಗಳ ಸಾಲು, ನಡುವೆ ಓಡಾಡುತ್ತ ಚೀಲ ತುಂಬುವ ಹೆಂಗಸರು. ಗೋಡೆಯ ದೊಡ್ಡ ಪರದೆಯ ಮೇಲೆ ಕೆಂಪು ಅಂಕಿಗಳು ಇಳಿಯುತ್ತಿದ್ದವು. ಮೇಲ್ವಿಚಾರಕ ಲಕ್ಷ್ಮಿಕಾಂತ ಮಾತಾಡುವಾಗಲೂ ಪರದೆಯಿಂದ ಕಣ್ಣು ಕೀಳಲಿಲ್ಲ.

"ಕೊಟ್ಟ ಚುಕ್ಕಿ ತಿರುಗಿ ತಗೊಳ್ಳಾಕ ಇದರಾಗ ಜಾಗನೇ ಇಲ್ಲ ಮೇಡಮ್. ನಾ ಬ್ಯಾಡ ಅನ್ನಾಕತ್ತಿಲ್ಲ."

"ಹಂಗಾದ್ರ ಒಮ್ಮೆ ಅವರನ್ನ ಕೇಳ್ಬೇಕಿತ್ತಲ್ಲ? ಇಲ್ಲ ನನ್ನನ್ನರ ಕೇಳ್ಬೇಕಿತ್ತು."

"ಕೇಳ್ಕೋತ ಕುಂತ್ರ ನೀವು ಬೇರೆ ಕಂಪನಿಗಿ ಹೋಗ್ತೀರಿ." ಅವನ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ, ದಣಿವಿತ್ತು. "ಖರೇ ಹೇಳ್ರಿ. ಹದಿನಾರು ನಿಮಿಷ ಆದ್ರ ನೀವೇ ಫೋನ್ ಮಾಡಿ ಬಯ್ಯಂಗಿಲ್ಲೇನು? ಜನವರಿದಾಗ ಇಂಟರ್ನೆಟ್ ಕೈಕೊಟ್ಟು ಒಂದ್ ದಿನ ತಡ ಆತು, ಮುನ್ನೂರು ಗಿರಾಕಿ ಬಿಟ್ಟು ಹೋದ್ರು. ಹೆಸರಿನ ಸುತ್ತ ಬಂಗಾರದ ಉಂಗುರ ಇದ್ದವರೇ ಮೊದಲು ಹೋದ್ರು. ಮ್ಯಾಲಿನವರು ನನ್ನ ಪಗಾರ ಹಿಡದ್ರು. ನನಗೂ ಈ ಗ್ವಾಡಿ ಮ್ಯಾಲ ಚುಕ್ಕಿ ಅದಾವ್ರಿ."

ಅಂಚೆ ಕಚೇರಿಯ ಹತ್ತಿರ ನಿಂತ ನೀಲಿ ಚುಕ್ಕಿಯನ್ನು ತಾನು ಬೈದಿದ್ದು ಶಿವರಂಜನಿಗೆ ನೆನಪಾಯಿತು.

ಬಸ್ಸಮ್ಮ ಅಷ್ಟೊತ್ತೂ ಬಾಗಿಲ ಹತ್ತಿರದ ಖಾಲಿ ಡಬ್ಬದ ಮೇಲೆ ಕುಳಿತಿದ್ದಳು. "ತಮ್ಮಾ, ಇವರು ನೀರು ಯಾವಾಗ ಕುಡೀತಾರ?" ಎಂದು ಕೇಳಿದಳು.

ಲಕ್ಷ್ಮಿಕಾಂತ ಪರದೆಯಿಂದ ಮೊದಲ ಸಲ ಕಣ್ಣು ತಿರುಗಿಸಿದ. "ಗಿರಾಕಿ ಫೋನ್ ಎತ್ತದಿದ್ರ ಐದು ನಿಮಿಷ ಬಾಗಲಾಗ ಕಾಯಬೇಕಂತ ಕಾನೂನು ಅದ ಅಮ್ಮಾ. ಆ ಐದು ನಿಮಿಷ ಗಡಿಯಾರ ನಿಲ್ತದ. ಅದು ಅವರ ತಡ ಅಲ್ಲ, ಗಿರಾಕಿ ತಡ. ಅವಾಗ ಕುಡೀಬಹುದು." ಮತ್ತೆ ಪರದೆಯತ್ತ ತಿರುಗಿ, "ಯಾರಾದ್ರೂ ಕುಡ್ಯಾಕ ಕೊಟ್ರ," ಎಂದ.

ಆಮೇಲೆ ಅವನೇ ಮೇಜಿನ ಖಾನೆಯಿಂದ ಒಂದು ಬಿಳಿ ಹಾಳೆ ತೆಗೆದ. "ಕೈಲೆ ಬರದು ಸಹಿ ಮಾಡ್ರಿ. ಫೋಟೋ ಹೊಡದು ಮ್ಯಾಲಿನವರಿಗಿ ಕಳಸ್ತೀನಿ. ಆಗ್ತದ ಅಂತ ಹೇಳಂಗಿಲ್ಲ. ನಾನೂ ಕೆಳಗ ಎರಡು ಸಾಲು ಬರೀತೀನಿ. ಒಳ್ಳೆ ಮನಶ್ಯಾ ಅವ."

ಶಿವರಂಜನಿ ಬರೆದಳು. 'ಸದರಿ ದಿನ ಗಯಾಸ ಅವರು ಯಾವ ಅನುಚಿತ ವರ್ತನೆಯನ್ನೂ ಮಾಡಿಲ್ಲ. ತಪ್ಪು ನನ್ನದು.' ಕೆಳಗೆ ಬಸ್ಸಮ್ಮ ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಅಕ್ಷರ ತಿದ್ದಿದಂತೆ ತನ್ನ ಹೆಸರು ಬರೆದಳು.

ಮದುವೆಗೆ ಎರಡು ದಿನ ಉಳಿದಿತ್ತು. ಬ್ಲೌಸು ಒಯ್ಯಲು ಬಂದ ಮೌನಮ್ಮ ಹೆಚ್ಚು ಮಾತಾಡಲಿಲ್ಲ. ಆದರೆ ಬಾಗಿಲ ಹತ್ತಿರ ತಿರುಗಿ, "ನಮ್ಮನಿಯವರು ಅವಗ ಹೊಸಾ ಅಂಗಿ ಕೊಡಿಸ್ಯಾರ. ಹರದವರು ಇವರೇ ಅಲ್ಲೇನು," ಎಂದು ಹೇಳಿ ಹೋದಳು. ಆ ವಾರವೆಲ್ಲ ಶಿವರಂಜನಿ ದೌಡ್ ತೆರೆಯಲಿಲ್ಲ. ಸಂಜೆ ಬಿಸಿಲಿಳಿದ ಮೇಲೆ ಚನ್ನಯ್ಯನ ಅಂಗಡಿಗೆ ಹೋದಳು. ಅವನು ಮಂಡಕ್ಕಿ ಅಳೆಯುತ್ತ, "ಏನವ್ವಾ, ಫೋನ್ ಕೆಟ್ಟೈತೇನು?" ಎಂದು ಕೆಣಕಿದ. ಹಾಗೆ ಬಿಟ್ಟುಬಿಟ್ಟರೆ ಮುಗಿಯಿತೆಂದು ಅವಳೂ ಅಂದುಕೊಂಡಿದ್ದಳು. ಆದರೆ ಗಯಾಸನಿಗೆ ಕೆಲಸ ತಿರುಗಿ ಸಿಕ್ಕಿತೆಂದು ಲಕ್ಷ್ಮಿಕಾಂತ ಫೋನ್ ಮಾಡಿದ ದಿನ, ಬಸ್ಸಮ್ಮ ಸೊಸೆಯ ಮುಂದೆ ಬಂದು ನಿಂತಳು.

"ಬೆಲ್ಲ ತರಸು," ಎಂದಳು.

"ಬೆಲ್ಲ ಡಬ್ಬಿ ತುಂಬ ಅದ ಅತ್ತಿ."

"ಇರ್ಲಿ. ತರಸು."

ಮಟಮಟ ಮಧ್ಯಾಹ್ನ. ಶಿವರಂಜನಿ ಒತ್ತಿದಳು. ಮೂರನೆಯ ನಿಮಿಷಕ್ಕೆ ಪರದೆಯ ಮೇಲೆ ಹೆಸರು ಬಂತು: ಗಯಾಸ. ಈ ಸಲ ಅವಳು ಚುಕ್ಕಿಯ ಹಾದಿ ನೋಡಲಿಲ್ಲ. ಯಂತ್ರದ ಮುಂದೆ ಕುಳಿತು ಸೂಜಿಗೆ ದಾರ ಪೋಣಿಸಿದಳು. ಬೈಕಿನ ಸದ್ದು ಗೇಟಿನ ಆಚೆಗೇ ಆರಿತು. ಧೋತರದ ಅಂಚಿನಲ್ಲಿ ಸುತ್ತು ಹಾಕಿ ಬರುವ ಹೆಜ್ಜೆಗಳು ಕೇಳಿಸಿದವು. ಚೀಲ ಕಟ್ಟೆಯ ಮೇಲೆ ಕೂತಿತು.

"ಅಕ್ಕಾರ, ಕೋಡ್ ಹೇಳ್ರಿ."

ಅವಳು ಸುಮ್ಮನಿದ್ದಳು. ಅವನು ಮತ್ತೊಮ್ಮೆ ಕರೆದ. ಆಮೇಲೆ ಅವಳ ಫೋನು ರಿಂಗಣಿಸತೊಡಗಿತು. ಬಟ್ಟೆಯ ಮೇಲೆ ಅದು ನಡುಗುತ್ತ ಸರಿಯಿತು. ಅವಳು ಮುಟ್ಟಲಿಲ್ಲ. ರಿಂಗಣಿಸಿ ರಿಂಗಣಿಸಿ ನಿಂತಿತು. ಪರದೆಯ ಮೇಲೆ ಮೂಡಿತು: 'ಗ್ರಾಹಕರಿಗಾಗಿ ಕಾಯಲಾಗುತ್ತಿದೆ. ಐದು ನಿಮಿಷ.'

"ಅಕಿ ಒಳಗ ಏನೋ ಮಾಡಾಕತ್ತಾಳ," ಎಂದಳು ಬಸ್ಸಮ್ಮ ಹೊರಗೆ. "ಕೂಡಪಾ. ಕಟ್ಟಿ ಮ್ಯಾಲ ನೆರಳದ."

ಅವನು ತನ್ನ ಫೋನು ನೋಡುತ್ತಿದ್ದಿರಬೇಕು, ನಿಂತ ಗಡಿಯಾರವನ್ನು. ಆಮೇಲೆ ಕಟ್ಟೆಯ ಮೇಲೆ ಭಾರವಾಗಿ ಕೂತ ಸದ್ದು. ಚರಿಗೆ ಕಲ್ಲಿಗೆ ತಾಗಿದ ಸದ್ದು. ನೀರು ಗಂಟಲಿಗಿಳಿಯುವ ಸದ್ದು.

"ಮಗಳು ಹ್ಯಾಂಗದಾಳ?"

"ಅದಾಳ್ರಿ. ಇವತ್ತು ಊಟದ ಡಬ್ಬಿ ಅಕಿನೇ ಕಟ್ಟಿಕೊಟ್ಟಾಳ."

ಶಿವರಂಜನಿ ಯಂತ್ರ ಮೆಟ್ಟಲಿಲ್ಲ. ಸದ್ದಾದರೆ ಅವನು ಎದ್ದುಬಿಟ್ಟಾನೆಂದು ಕೈಯಿಂದಲೇ ಗುಂಡಿ ಹೊಲಿಯುತ್ತ ಕುಳಿತಳು. ಐದು ನಿಮಿಷ ಮುಗಿಯಲು ಹತ್ತು ಸೆಕೆಂಡು ಉಳಿದಾಗ ಎದ್ದು ಹೊರಗೆ ಬಂದು, "ಮಷಿನ್ ಸಪ್ಪಳದಾಗ ಕೇಳಸಲಿಲ್ರಿ," ಎಂದು ಕೋಡು ಹೇಳಿದಳು. ಗಯಾಸ ಸದ್ದಿಲ್ಲದೆ ನಿಂತಿದ್ದ ಯಂತ್ರದ ಕಡೆ ಒಮ್ಮೆ ನೋಡಿದ, ಅವಳನ್ನು ನೋಡಿದ. ಕೋಡು ಒತ್ತಿ, ಗೋಡೆಯಂಚಿನಲ್ಲಿ ಸುತ್ತು ಹಾಕಿ ಹೋದ.

ಆ ತಿಂಗಳು ಅವಳು ಹಾಗೆ ಒಂಬತ್ತು ಸಲ ಫೋನು ಎತ್ತಲಿಲ್ಲ. ಬಂದವನು ಗಯಾಸನೇ ಇರಲಿ, ಗೇಟಿನ ಸರಳಿಗೆ ಚೀಲ ಸಿಕ್ಕಿಸಿದವನಿರಲಿ, ಸಂಡಿಗೆ ಮೇಲೆ ಗಾಲಿ ಹಾಯಿಸಿದವನಿರಲಿ.

ತಿಂಗಳ ಕೊನೆಗೆ ದೌಡ್‌ನಿಂದ ಸಂದೇಶ ಬಂತು. 'ನೀವು ಪದೇ ಪದೇ ತಡವಾಗಿ ಸ್ಪಂದಿಸುತ್ತಿರುವುದರಿಂದ ನಿಮ್ಮ ಬಂಗಾರದ ದರ್ಜೆಯನ್ನು ಹಿಂಪಡೆಯಲಾಗಿದೆ.' ತೆರೆದು ನೋಡಿದರೆ ಹೆಸರಿನ ಸುತ್ತಲ ಉಂಗುರ ಬೂದಿ ಬಣ್ಣಕ್ಕೆ ತಿರುಗಿತ್ತು. ಅವಳು ಫೋನನ್ನು ಬಟ್ಟೆಯ ಕೆಳಗೆ ಸರಿಸಿದಳು. ಹೊರಗೆ ಬಸ್ಸಮ್ಮ ಚರಿಗೆ ತಿಕ್ಕಿ ತೊಳೆದು, ತುಂಬಿ, ಕಟ್ಟೆಯ ನೆರಳಿಗೆ ತಂದಿಡುತ್ತಿದ್ದಳು.